ಕಡಲಿಲ್ಲದ ಲಾವೋಸ್: ನೀರು ತನ್ನದು, ಬಾಗಿಲು ಪರರದು

ಲಾವೋಸ್ ದೇಶದ ಪೂರ್ವ ಅಂಚಿನಲ್ಲಿ ಖಮ್ಮುವಾನ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಗಡಿಬೆಟ್ಟದ ನೆತ್ತಿಯಿಂದ ನೇರ ಗೆರೆ ಎಳೆದರೆ ಕಡಲಿಗೆ ಸುಮಾರು 50 ಕಿಲೋಮೀಟರ್. ವಿಯೆಟ್ನಾಂನ ಸೊಂಟ ತೀರಾ ಸಣ್ಣಗಾಗುವುದು ಅಲ್ಲೇ, ಡಾಂಗ್ ಹೊಯ್ ಪಟ್ಟಣದ ಆಸುಪಾಸಿನಲ್ಲಿ. ಇಷ್ಟು ಹತ್ತಿರ ಕಡಲಿದ್ದರೂ ಲಾವೋಸ್‌ನ ಬಹುಪಾಲು ಸರಕು ಆ ದಿಕ್ಕಿಗೆ ಮುಖ ಮಾಡುವುದಿಲ್ಲ. ರಾಜಧಾನಿ ವಿಯೆಂಟಿಯಾನ್‌ನಿಂದ ಹೊರಟ ಕಂಟೇನರ್ ನದಿ ದಾಟಿ, ಥಾಯ್ಲೆಂಡ್‌ನ ಉದ್ದಕ್ಕೂ ಸುಮಾರು 700 ಕಿಲೋಮೀಟರ್ ಓಡಿ, ಬ್ಯಾಂಕಾಕ್‌ನ ಆಚೆ ಲೇಮ್ ಚಬಾಂಗ್ ಬಂದರಿನಲ್ಲಿ ಮೊದಲ ಸಲ ಉಪ್ಪುನೀರು ನೋಡುತ್ತದೆ. 50 ಕಿಲೋಮೀಟರ್‌ನ ಕಡಲನ್ನು ಬಿಟ್ಟು 700 ಕಿಲೋಮೀಟರ್‌ನ ಕಡಲಿಗೆ ಹೋಗುವುದೇಕೆ ಎಂಬುದು ತಿಳಿದರೆ ಲಾವೋಸ್ ಅರ್ಧ ತಿಳಿದಂತೆ.

ಶಾಲೆಯ ಭೂಗೋಳ ಪುಸ್ತಕದಲ್ಲಿ ಇಂಥ ದೇಶಗಳಿಗೆ ಭೂಆವೃತ ದೇಶಗಳು ಎಂಬ ಹೆಸರಿದೆ. ಜಗತ್ತಿನಲ್ಲಿ 44 ಇವೆ. ಆಗ್ನೇಯ ಏಷ್ಯಾದಲ್ಲಿ ಇದೊಂದೇ. ಕಡಲಿಲ್ಲ, ಅದಕ್ಕೇ ಬಡತನ ಎಂದು ಹೇಳಿ ಕೈ ತೊಳೆದುಕೊಳ್ಳಲು ಸ್ವಿಟ್ಜರ್ಲೆಂಡ್ ಬಿಡುವುದಿಲ್ಲ. ಅದಕ್ಕೂ ಕಡಲಿಲ್ಲ. ಆದರೆ ಬಾಸೆಲ್ ಊರಿನಲ್ಲಿ ಸರಕು ತುಂಬಿದ ದೋಣಿ ರೈನ್ ನದಿಯಲ್ಲಿ ತೇಲುತ್ತಾ ರಾಟರ್‌ಡ್ಯಾಮ್ ಬಂದರು ಮುಟ್ಟುತ್ತದೆ, ಸುತ್ತಲಿನ ಶ್ರೀಮಂತ ನೆರೆಹೊರೆಯವರೇ ಅದರ ಗಿರಾಕಿಗಳು. ಹಾಗಾಗಿ ಕಡಲು ಎಷ್ಟು ದೂರ ಎಂಬುದಕ್ಕಿಂತ, ನಡುವೆ ಯಾರಿದ್ದಾರೆ, ಯಾವ ಷರತ್ತಿನ ಮೇಲೆ ದಾರಿ ಬಿಡುತ್ತಾರೆ, ನಮ್ಮ ಸರಕಿನ ಬೆಲೆ ಕಟ್ಟುವವರು ಯಾರು ಎಂಬುದು ಮುಖ್ಯ. ಲಾವೋಸ್‌ಗೂ ಒಂದು ದೊಡ್ಡ ನದಿಯಿದೆ. ಅದು ರೈನ್‌ನಂತೆ ನಡೆದುಕೊಳ್ಳಲಿಲ್ಲ.

ಮೊದಲು ನೆಲ ನೋಡೋಣ. ಲಾವೋಸ್‌ನ ವಿಸ್ತೀರ್ಣ ಸುಮಾರು 2,36,800 ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 75 ಲಕ್ಷ, ಬೆಂಗಳೂರಿಗಿಂತ ಕಡಿಮೆ. ಉತ್ತರಕ್ಕೆ ಚೀನಾ, ವಾಯವ್ಯಕ್ಕೆ ಮ್ಯಾನ್ಮಾರ್, ಪಶ್ಚಿಮಕ್ಕೆ ಥಾಯ್ಲೆಂಡ್, ದಕ್ಷಿಣಕ್ಕೆ ಕಾಂಬೋಡಿಯ, ಪೂರ್ವದ ಉದ್ದಕ್ಕೂ ವಿಯೆಟ್ನಾಂ. ನೆಲದ ಮುಕ್ಕಾಲು ಪಾಲು ಬೆಟ್ಟ ಮತ್ತು ಪ್ರಸ್ಥಭೂಮಿ. ಪೂರ್ವದ ಗಡಿಯುದ್ದಕ್ಕೂ ಅನ್ನಾಮೈಟ್ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಹತ್ತಿರದ ಕಡಲನ್ನು ದೂರ ಮಾಡಿದ್ದು ಈ ಗೋಡೆ. ಅದರಲ್ಲಿ ಕಣಿವೆಗಳಿವೆ, ಹೆದ್ದಾರಿಗಳೂ ಹಾದಿವೆ. ಆದರೆ ಘಟ್ಟದ ರಸ್ತೆಯಲ್ಲಿ ತುಂಬಿದ ಲಾರಿ ಏರಿಸಿ ಇಳಿಸುವ ಖರ್ಚು, ಇಳಿದ ಮೇಲೆ ಸಿಗುವ ಬಂದರಿಗೆ ಬರುವ ಹಡಗುಗಳ ಸಂಖ್ಯೆ, ಇವೆರಡನ್ನೂ ತೂಗಿ ನೋಡಿದ ವ್ಯಾಪಾರಿ ಥಾಯ್ಲೆಂಡ್‌ನ ಸಮತಟ್ಟು ರಸ್ತೆಯನ್ನೇ ಆರಿಸಿಕೊಳ್ಳುತ್ತಾನೆ.

ಈ ಏರಿಳಿತ ಜನರ ಹೆಸರಿನಲ್ಲೂ ಸೇರಿಕೊಂಡಿದೆ. ಸರ್ಕಾರದ ಲೆಕ್ಕದಲ್ಲಿ ಜನಾಂಗಗಳು 50. ಆಡುಮಾತಿನಲ್ಲಿ ಮಾತ್ರ ಅವರೆಲ್ಲ ಬಹಳ ಕಾಲ ಮೂರೇ ಗುಂಪು: ಕಣಿವೆಯವರು ಲಾವೋ ಲೂಮ್, ಇಳಿಜಾರಿನವರು ಲಾವೋ ಥಂಗ್, ಬೆಟ್ಟದ ತುದಿಯವರು ಲಾವೋ ಸೂಂಗ್. ಎಷ್ಟು ಎತ್ತರದಲ್ಲಿ ಮನೆ ಎಂಬುದೇ ಗುರುತು. ಕಣಿವೆಯವರದು ನೀರು ನಿಲ್ಲಿಸಿದ ಗದ್ದೆ. ಮೇಲಿನವರದು ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬಿತ್ತುವ ಕುಮರಿ ಬೇಸಾಯ. ಗದ್ದೆಗೆ ತಕ್ಕ ಬಯಲು ವಿಯೆಂಟಿಯಾನ್, ಸಾವನ್ನಖೇತ್, ಚಂಪಾಸಕ್ ಸುತ್ತ ಮಾತ್ರ ಧಾರಾಳವಾಗಿದೆ. ಸಾವನ್ನಖೇತ್ ಎಂದರೆ ನಮ್ಮ ಸುವರ್ಣಕ್ಷೇತ್ರವೇ. ನಾಲಿಗೆ ಮೇಲೆ ಸವೆದು ಹಾಗಾಗಿದೆ.

ಬಯಲಾಗಲಿ ಬೆಟ್ಟವಾಗಲಿ, ಬೆಳೆಯುವುದು ಹೆಚ್ಚಾಗಿ ಅಂಟು ಅಕ್ಕಿ. ಖಾವ್ ನಿಯಾವ್ ಎನ್ನುತ್ತಾರೆ. ರಾತ್ರಿ ನೆನೆಸಿ, ಬೆಳಗ್ಗೆ ಶಂಕುವಿನಾಕಾರದ ಬಿದಿರು ಬುಟ್ಟಿಯಲ್ಲಿ ಹಬೆಗೆ ಇಟ್ಟು ಬೇಯಿಸುತ್ತಾರೆ, ನೀರಿನಲ್ಲಿ ಕುದಿಸುವುದಿಲ್ಲ. ಬೆಂದದ್ದನ್ನು ಮುಚ್ಚಳವಿರುವ ಪುಟ್ಟ ಬುಟ್ಟಿಗೆ ತುಂಬಿದರೆ ಸಂಜೆಯವರೆಗೂ ಹಳಸದು, ಗದ್ದೆಗೆ ಹೋಗುವವನು ಹೆಗಲಿಗೆ ನೇತುಹಾಕಿಕೊಳ್ಳಬಹುದು. ಬೆರಳಲ್ಲಿ ಒಂದು ಚೂರು ಕಿತ್ತು, ಉಂಡೆ ಮಾಡಿ, ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕುವುದು. ತಮ್ಮನ್ನು ತಾವು ಖಾವ್ ನಿಯಾವ್‌ನ ಮಕ್ಕಳು ಎಂದು ಹೇಳಿಕೊಳ್ಳುವ ಜನ ಇವರು. ಆರ್ಥಿಕತೆಯ ಲೇಖನದಲ್ಲಿ ಅಡುಗೆ ಏಕೆ ಎಂದರೆ, ದೇಶದ ದುಡಿಯುವ ಜನರಲ್ಲಿ ದೊಡ್ಡ ಪಾಲು ಇಂದಿಗೂ ಈ ಅಕ್ಕಿಯ ಸುತ್ತಲೇ ಇದೆ. ಮುಂದೆ ಹೇಳಲಿರುವ ಅಣೆಕಟ್ಟು, ಗಣಿ, ರೈಲುಗಳೆಲ್ಲ ಕೋಟಿಗಟ್ಟಲೆ ಡಾಲರ್‌ಗಳ ವ್ಯವಹಾರ. ಆದರೆ ಅವು ಕೊಡುವ ಉದ್ಯೋಗ ಕಡಿಮೆ.

ಅಂಗಳದ ನದಿ ಬೇಲಿಯಾದದ್ದು

ಭೂಪಟದಲ್ಲಿ ಈಗ ಮೆಕಾಂಗ್ ನದಿ ಬಹುಮಟ್ಟಿಗೆ ಲಾವೋಸ್ ಮತ್ತು ಥಾಯ್ಲೆಂಡ್ ನಡುವಿನ ಗೆರೆ. ಹಿಂದೆ ಹಾಗಿರಲಿಲ್ಲ. 1353ರಲ್ಲಿ ಫಾ ಙುಮ್ ಸ್ಥಾಪಿಸಿದ ಲಾನ್ ಸಾಂಗ್ ರಾಜ್ಯಕ್ಕೆ, ಅಂದರೆ ದಶಲಕ್ಷ ಆನೆಗಳ ನಾಡಿಗೆ, ನದಿ ನಡುಮನೆಯ ಅಂಗಳದಂತಿತ್ತು. ಎರಡೂ ದಡದಲ್ಲಿ ಅದೇ ಜನ, ಅದೇ ಮಾತು. (ಙ ಅಕ್ಷರವನ್ನು ಒಂದನೇ ತರಗತಿಯಲ್ಲಿ ಕಲಿತ ಮೇಲೆ ನನಗೆ ಅದರ ಉಪಯೋಗ ಬಿದ್ದದ್ದು ಈ ಲೇಖನದಲ್ಲೇ.) ಅದಕ್ಕೂ ಹಿಂದಕ್ಕೆ ಹೋದರೆ ದಕ್ಷಿಣದ ಚಂಪಾಸಕ್‌ನಲ್ಲಿ, ನದಿಯಿಂದ ಸ್ವಲ್ಪ ದೂರದಲ್ಲಿ, ಬೆಟ್ಟದ ಬುಡದಲ್ಲಿ ವಾಟ್ ಫೂ ಎಂಬ ಶಿವಾಲಯವಿದೆ. ಬೆಟ್ಟದ ತುದಿಯಲ್ಲಿ ಶಿಲೆಯೊಂದು ತಾನಾಗಿಯೇ ಲಿಂಗದ ಆಕಾರದಲ್ಲಿ ಎದ್ದಿರುವುದರಿಂದ ಹಳೆಯ ಕಾಲದವರು ಅದನ್ನು ಲಿಂಗಪರ್ವತ ಎಂದರು. ಬಂಡೆಯಿಂದ ಒಸರುವ ಚಿಲುಮೆಯ ನೀರನ್ನು ಕಲ್ಲಿನ ತೂಬಿನಲ್ಲಿ ಹರಿಸಿ ಗರ್ಭಗುಡಿಯ ಲಿಂಗಕ್ಕೆ ನಿತ್ಯ ಅಭಿಷೇಕವಾಗುವಂತೆ ಕಟ್ಟಿದ್ದರು. ಹತ್ತಿರದಲ್ಲಿ ಸಿಕ್ಕ 5ನೇ ಶತಮಾನದ ಸಂಸ್ಕೃತ ಶಾಸನದಲ್ಲಿ ದೇವಾನೀಕ ಎಂಬ ಅರಸ ಅಲ್ಲೊಂದು ಕುರುಕ್ಷೇತ್ರ ತೀರ್ಥವನ್ನು ಸ್ಥಾಪಿಸಿದ ವಿವರವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಈ ದೇವಾಲಯದ ಜೀರ್ಣೋದ್ಧಾರದಲ್ಲಿ ಕೈಜೋಡಿಸಿದೆ.

ಅಂಗಳ ಬೇಲಿಯಾದದ್ದು 1893ರಲ್ಲಿ. ವಿಯೆಟ್ನಾಂ ಹಿಡಿದಿದ್ದ ಫ್ರೆಂಚರು ಸಯಾಮ್ ಮೇಲೆ ಯುದ್ಧನೌಕೆ ತಿರುಗಿಸಿ ಮೆಕಾಂಗ್‌ನ ಎಡದಂಡೆಯನ್ನು ಕಿತ್ತುಕೊಂಡರು. ಬಲದಂಡೆ ಸಯಾಮ್‌ಗೆ, ಎಂದರೆ ಇಂದಿನ ಥಾಯ್ಲೆಂಡ್‌ಗೆ, ಉಳಿಯಿತು. ಇದರ ವಿಚಿತ್ರ ಫಲವೆಂದರೆ ಲಾವೋ ಮಾತಾಡುವವರು ಇಂದು ಲಾವೋಸ್‌ಗಿಂತ ಹೆಚ್ಚಾಗಿ ಥಾಯ್ಲೆಂಡ್‌ನ ಈಶಾನ್ಯದ ಇಸಾನ್ ಪ್ರದೇಶದಲ್ಲಿದ್ದಾರೆ. ದೇಶಕ್ಕೆ ಕಡಲು ತಪ್ಪಿತು ಎಂದು ಎಲ್ಲರೂ ಹೇಳುತ್ತಾರೆ. ಜನರ ಬಹುಪಾಲು ಮತ್ತು ಅಗಲವಾದ ಬಯಲು ನೆಲ ತಪ್ಪಿದ್ದು ಅದಕ್ಕಿಂತ ದೊಡ್ಡ ಏಟು ಎಂದು ನನಗನ್ನಿಸುತ್ತದೆ.

ಫ್ರೆಂಚರಿಗೆ ಈ ದಡ ಬೇಕಾಗಿದ್ದು ಚೀನಾಕ್ಕೆ ದಾರಿ ಸಿಗಲಿ ಎಂದು. ದೂದಾರ್ ದ ಲಗ್ರೇ ನಾಯಕತ್ವದಲ್ಲಿ 1866ರಲ್ಲಿ ಹೊರಟ ಅವರ ಶೋಧ ತಂಡ ಮೆಕಾಂಗ್‌ನಲ್ಲಿ ಮೇಲಕ್ಕೆ ಸಾಗಿದಾಗ, ಈಗಿನ ಕಾಂಬೋಡಿಯ ಗಡಿಯ ಬಳಿ ಖೋನ್ ಜಲಪಾತ ಅಡ್ಡ ಬಂತು. ಎತ್ತರ 20 ಮೀಟರ್ ಚಿಲ್ಲರೆ, ಅಂಥದ್ದೇನಲ್ಲ. ಅಗಲ ಮಾತ್ರ ಸುಮಾರು 10 ಕಿಲೋಮೀಟರ್. ನದಿ ನೂರಾರು ಕವಲಾಗಿ, ದ್ವೀಪಗಳ ನಡುವೆ ನುಗ್ಗಿ, ಬಂಡೆಗಳ ಮೇಲಿಂದ ಬೀಳುತ್ತದೆ. ಕಡಲಿನಿಂದ ಬಂದ ಹಡಗು ಇಲ್ಲಿಗೆ ನಿಲ್ಲಬೇಕು. ಸೋಲೊಪ್ಪದ ಫ್ರೆಂಚರು ದೋನ್ ಖೋನ್, ದೋನ್ ದೇತ್ ಎಂಬ ಎರಡು ದ್ವೀಪಗಳ ಮೇಲೆ ಪುಟ್ಟ ರೈಲುಹಳಿ ಹಾಕಿದರು. ಕೆಳಗೆ ದೋಣಿಯನ್ನು ಬಿಡಿಬಿಡಿಯಾಗಿ ಬಿಚ್ಚಿ, ಹಳಿಯ ಮೇಲೆ ಸಾಗಿಸಿ, ಮೇಲೆ ಮತ್ತೆ ಜೋಡಿಸಿ ನೀರಿಗಿಳಿಸುವುದು! ಸುಮಾರು 7 ಕಿಲೋಮೀಟರ್‌ನ ಆ ಹಳಿಯೇ 2009ರವರೆಗೆ ಲಾವೋಸ್ ಕಂಡ ಒಂದೇ ರೈಲುಮಾರ್ಗ. ರೈನ್ ಮಾಡಿದ ಕೆಲಸವನ್ನು ಮೆಕಾಂಗ್ ಏಕೆ ಮಾಡಲಿಲ್ಲ ಎಂಬುದಕ್ಕೆ ಉತ್ತರ ಈ ಬಂಡೆಗಳಲ್ಲಿದೆ.

1953ರಲ್ಲಿ ಸ್ವಾತಂತ್ರ್ಯ ಬಂತು, ಹಿಂದೆಯೇ ಯುದ್ಧ. ಅನ್ನಾಮೈಟ್ ಬೆಟ್ಟಗಳ ಲಾವೋಸ್ ಮಗ್ಗುಲಲ್ಲಿ ಉತ್ತರ ವಿಯೆಟ್ನಾಂನವರು ದಕ್ಷಿಣದ ಯುದ್ಧಕ್ಕೆ ಸೈನಿಕರನ್ನೂ ಶಸ್ತ್ರಗಳನ್ನೂ ಸಾಗಿಸುತ್ತಿದ್ದ ಹೋ ಚಿ ಮಿನ್ ದಾರಿ ಹಾದುಹೋಗುತ್ತಿತ್ತು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಇಲ್ಲಿ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿದವು. ಸರಾಸರಿ ತೆಗೆದರೆ ಒಂಬತ್ತು ವರ್ಷ, ಹಗಲೂ ರಾತ್ರಿ, ಎಂಟು ನಿಮಿಷಕ್ಕೊಂದು ವಿಮಾನದ ಹೊರೆ. ಕ್ಲಸ್ಟರ್ ಬಾಂಬ್‌ನೊಳಗಿನ ಕಿತ್ತಳೆಹಣ್ಣಿನ ಗಾತ್ರದ ಮರಿಬಾಂಬ್‌ಗಳು ಸುಮಾರು 27 ಕೋಟಿ. ಅವುಗಳಲ್ಲಿ ನೂರಕ್ಕೆ 30ರಷ್ಟು ಸಿಡಿಯದೆ ಮಣ್ಣು ಸೇರಿದವು ಎಂಬ ಅಂದಾಜಿದೆ. ಜನ ಅವನ್ನು ಬೊಂಬಿ ಎನ್ನುತ್ತಾರೆ. ಇದು ಇತಿಹಾಸದ ಅಧ್ಯಾಯವಾಗಿ ಮುಗಿದಿಲ್ಲ. ಗದ್ದೆ ಅಗಲಿಸಬೇಕು, ಕಾಲುವೆ ತೋಡಬೇಕು, ಶಾಲೆಗೆ ಪಾಯ ತೆಗೆಯಬೇಕು ಎಂದರೆ ಮೊದಲು ಲೋಹಶೋಧಕ ಹಿಡಿದವರು ಬಂದು ನೆಲ ಶುದ್ಧಮಾಡಬೇಕು. ಅದಕ್ಕೆ ಹಣ, ಅದಕ್ಕೆ ಸಮಯ. ಶಿಯಾಂಗ್ ಖ್ವಾಂಗ್ ಪ್ರಾಂತ್ಯದ ನಾಪಿಯ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಚೂರುಗಳನ್ನು ಕರಗಿಸಿ, ಬೂದಿಮಣ್ಣಿನ ಅಚ್ಚಿಗೆ ಹೊಯ್ದು ಚಮಚ ಮಾಡುತ್ತಾರೆ.

ಸೇತುವೆಗೆ ಮೊದಲು ಎಡಕ್ಕೆ ಹೊರಳಿ

1975ರ ಡಿಸೆಂಬರ್‌ನಲ್ಲಿ ಅರಸೊತ್ತಿಗೆ ಹೋಗಿ ಕಮ್ಯುನಿಸ್ಟ್ ಸರ್ಕಾರ ಬಂತು. ಅದೇ ಹೊತ್ತಿಗೆ ನದಿಯಲ್ಲಿ ನಡೆದ ಗಡಿ ಜಗಳದ ಬಳಿಕ ಥಾಯ್ಲೆಂಡ್ ಗಡಿ ಮುಚ್ಚಿತು. ಪೆಟ್ರೋಲು, ಔಷಧಿ, ದಿನಬಳಕೆಯ ಸಾಮಾನು ಎಲ್ಲವೂ ಆ ದಡದಿಂದಲೇ ಬರುತ್ತಿದ್ದ ವಿಯೆಂಟಿಯಾನ್‌ನಲ್ಲಿ ಬೆಲೆ ಗಗನಕ್ಕೇರಿತು. ಗಡಿ ತೆರೆದ ಮೇಲೂ ಲಾವೋಸ್‌ಗೆ ಮಾರಕೂಡದ ‘ಆಯಕಟ್ಟಿನ ಸರಕು’ಗಳ ಪಟ್ಟಿಯೊಂದನ್ನು ಬ್ಯಾಂಕಾಕ್ 1980ರ ದಶಕದ ಕೊನೆಯವರೆಗೂ ಇಟ್ಟುಕೊಂಡಿತ್ತು. ಆ ವರ್ಷಗಳಲ್ಲಿ ಲಾವೋಸ್ ಅನಿವಾರ್ಯವಾಗಿ 9ನೇ ಹೆದ್ದಾರಿಯ ಘಟ್ಟ ಹತ್ತಿ ವಿಯೆಟ್ನಾಂನ ಡಾ ನಾಂಗ್ ಬಂದರಿನ ಕಡೆ ತಿರುಗಿತು. ಒಂದೇ ಬಾಗಿಲಿರುವ ಮನೆಯಲ್ಲಿ ಬೀಗ ಹೊರಗಿನಿಂದ ಬಿದ್ದರೆ ಏನಾಗುತ್ತದೆ ಎಂಬ ಪಾಠವನ್ನು ವಿಯೆಂಟಿಯಾನ್ ಮರೆತಿಲ್ಲ.

ಅಂತರರಾಷ್ಟ್ರೀಯ ಕಾನೂನು ಏನೂ ಹೇಳುವುದಿಲ್ಲವೇ? ಹೇಳುತ್ತದೆ. 1982ರ ವಿಶ್ವಸಂಸ್ಥೆಯ ಕಡಲ ಕಾನೂನಿನ 125ನೇ ವಿಧಿಯಂತೆ ಭೂಆವೃತ ದೇಶಗಳಿಗೆ ಕಡಲು ತಲುಪುವ ಹಕ್ಕಿದೆ. ಮುಂದಿನ ಸಾಲಿನಲ್ಲೇ ಅದರ ವಿವರಗಳನ್ನು ಆಯಾ ದೇಶಗಳು ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು ಎಂದೂ ಇದೆ. ಯಾವ ರಸ್ತೆ, ಯಾರ ಲಾರಿ, ಯಾವ ಸುಂಕದ ಕಟ್ಟೆ, ಎಷ್ಟು ಠೇವಣಿ ಎಂಬುದೆಲ್ಲ ಆ ‘ವಿವರ’ಗಳಲ್ಲಿ ಬರುತ್ತದೆ. ಹಕ್ಕು ವಿಶ್ವಸಂಸ್ಥೆಯದು, ದರ ನೆರೆಮನೆಯದು.

ಮೆಕಾಂಗ್ ಮೇಲೆ ಎರಡು ದೇಶಗಳನ್ನು ಸೇರಿಸುವ ಮೊದಲ ದೊಡ್ಡ ಸೇತುವೆ, ಆಸ್ಟ್ರೇಲಿಯದ ಹಣದಲ್ಲಿ ಕಟ್ಟಿದ ಮೈತ್ರಿ ಸೇತುವೆ, ತೆರೆದದ್ದು 1994ರಲ್ಲಿ. ಅಲ್ಲಿಯವರೆಗೆ ದೋಣಿಯೇ ಗತಿ. ಥಾಯ್ಲೆಂಡ್‌ನಲ್ಲಿ ನಮ್ಮಂತೆ ರಸ್ತೆಯ ಎಡಗಡೆ ವಾಹನ ಓಡಿಸುತ್ತಾರೆ. ಲಾವೋಸ್‌ನಲ್ಲಿ ಫ್ರೆಂಚರು ಬಿಟ್ಟುಹೋದ ಬಲಗಡೆಯ ಪದ್ಧತಿ. ಹೀಗಾಗಿ ಲಾವೋಸ್ ತುದಿಯಲ್ಲಿ ಸೇತುವೆ ಹತ್ತುವ ಮೊದಲೇ ಲಾರಿಗಳು ಅಡ್ಡ ಹೊರಳಿ ಎಡಕ್ಕೆ ಸೇರಿಕೊಳ್ಳುತ್ತವೆ. ಸೇತುವೆಯ ನಟ್ಟನಡುವೆ ರೈಲುಹಳಿಯೂ ಇದೆ. ರೈಲು ಬಂದಾಗ ಉಳಿದ ವಾಹನಗಳನ್ನು ಎರಡೂ ತುದಿಯಲ್ಲಿ ತಡೆದು ನಿಲ್ಲಿಸುತ್ತಾರೆ. 2006ರಲ್ಲಿ ಸಾವನ್ನಖೇತ್ ಬಳಿ, 2011ರಲ್ಲಿ ಥಾಖೆಕ್ ಬಳಿ, 2013ರಲ್ಲಿ ಹುಯ್ ಸಾಯ್ ಬಳಿ ಇನ್ನಷ್ಟು ಸೇತುವೆಗಳು ಎದ್ದವು. ಭೂಆವೃತ ದೇಶವನ್ನು ಭೂಸಂಪರ್ಕದ ದೇಶವಾಗಿ ಮಾಡುತ್ತೇವೆ ಎಂಬುದು ಸರ್ಕಾರದ ನೆಚ್ಚಿನ ಘೋಷಣೆ.

ನೀರನ್ನು ತಂತಿಯಲ್ಲಿ ಮಾರುವುದು

ರಸ್ತೆ ಬೇಡದ, ಬಂದರು ಬೇಡದ ಸರಕೊಂದಿದೆ: ವಿದ್ಯುತ್. ಲಾವೋಸ್ ಅದನ್ನು ಬಹಳ ಹಿಂದೆಯೇ ಕಂಡುಕೊಂಡಿತು. ಮಳೆಗಾಲ ಜೋರು, ಬೆಟ್ಟ ಕಡಿದಾದದ್ದು, ನದಿಗಳು ಹೇರಳ. ಮೆಕಾಂಗ್‌ನಲ್ಲಿ ಹರಿಯುವ ನೀರಿನ ಸುಮಾರು ಮೂರನೇ ಒಂದು ಪಾಲು ಈ ದೇಶದ ಹಳ್ಳಕೊಳ್ಳಗಳದ್ದು. ಲಾವೋ ಭಾಷೆಯಲ್ಲಿ ನಾಮ್ ಎಂದರೆ ನೀರು, ನದಿಯ ಹೆಸರಿನ ಮುಂದೆಯೂ ಅದೇ. 1971ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ನಾಮ್ ಙುಮ್ ಅಣೆಕಟ್ಟೆಯ ವಿದ್ಯುತ್ ಉತ್ಪಾದನೆ ಶುರುವಾಯಿತು. ವಿದ್ಯುತ್ತು ನದಿ ದಾಟಿ ಥಾಯ್ಲೆಂಡ್‌ಗೆ ಹೋಯಿತು. ಎರಡು ದೇಶಗಳು ಒಂದಕ್ಕೊಂದು ಮುಖ ಕೊಡದಿದ್ದ ವರ್ಷಗಳಲ್ಲೂ ಆ ತಂತಿಯ ವ್ಯಾಪಾರ ನಿಲ್ಲಲಿಲ್ಲ.

1986ರಲ್ಲಿ ಸರ್ಕಾರ ಮಾರುಕಟ್ಟೆಗೆ ಬಾಗಿಲು ತೆರೆದ ಮೇಲೆ ಇದು ದೊಡ್ಡ ಉದ್ಯಮವಾಯಿತು. ನಾಮ್ ಥೂನ್ 2 ಯೋಜನೆಯನ್ನು ಹತ್ತಿರದಿಂದ ನೋಡಿದರೆ ಇಡೀ ಲೆಕ್ಕಾಚಾರ ಅರ್ಥವಾಗುತ್ತದೆ. ನಕಾಯ್ ಪ್ರಸ್ಥಭೂಮಿಯ ಮೇಲೆ ಹರಿಯುವ ನದಿಗೆ ಅಡ್ಡ ಕಟ್ಟಿ, ಸುಮಾರು 450 ಚದರ ಕಿಲೋಮೀಟರ್ ನೆಲದಲ್ಲಿ ನೀರು ನಿಲ್ಲಿಸಿ, ಅದನ್ನು ಪ್ರಸ್ಥಭೂಮಿಯ ಅಂಚಿನಿಂದ ಸುಮಾರು 350 ಮೀಟರ್ ಕೆಳಕ್ಕೆ ದುಮುಕಿಸಿ ಟರ್ಬೈನ್ ತಿರುಗಿಸಲಾಗುತ್ತದೆ. ಆಮೇಲೆ ಆ ನೀರು ಹೋಗುವುದು ಬೇರೆಯೇ ನದಿಗೆ. ಸಾಮರ್ಥ್ಯ ಸುಮಾರು 1,070 ಮೆಗಾವಾಟ್. 6,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಬೇರೆಡೆ ನೆಲೆಗೊಳಿಸಲಾಯಿತು. ವಿಶ್ವಬ್ಯಾಂಕ್ ಬೆನ್ನಿಗೆ ನಿಂತಿತು, 2010ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು.

ಇಷ್ಟು ಹಣ ಲಾವೋಸ್ ಬಳಿ ಇರಲಿಲ್ಲ. ಆದ್ದರಿಂದ ವಿದೇಶಿ ಕಂಪನಿಗಳು ಸಾಲ ತಂದು ಕಟ್ಟುತ್ತವೆ, 25 ವರ್ಷ ನಡೆಸುತ್ತವೆ, ಬಳಿಕ ಸರ್ಕಾರಕ್ಕೆ ಬಿಟ್ಟುಕೊಡುತ್ತವೆ. ಅಲ್ಲಿಯವರೆಗೆ ಸರ್ಕಾರಕ್ಕೆ ನೀರಿನ ರಾಜಧನ, ತೆರಿಗೆ, ಮತ್ತು ಅದಿಟ್ಟುಕೊಂಡ ನಾಲ್ಕನೇ ಒಂದು ಷೇರಿನ ಲಾಭಾಂಶ. ಆದರೆ ಥಾಯ್ಲೆಂಡ್‌ನ ವಿದ್ಯುತ್ ಮಂಡಳಿ ಇಷ್ಟು ಕೊಳ್ಳುತ್ತೇನೆ ಎಂದು ಮೊದಲೇ ಬರೆದುಕೊಡದಿದ್ದರೆ ಯಾವ ಬ್ಯಾಂಕೂ ಸಾಲ ಕೊಡುತ್ತಿರಲಿಲ್ಲ. ಅಂದರೆ ಅಣೆಕಟ್ಟೆಯ ಮೊದಲ ಕಲ್ಲು ಬೀಳುವ ಮೊದಲೇ ಕೊಳ್ಳುವವನು ಒಬ್ಬನೇ ಎಂಬುದು ತೀರ್ಮಾನವಾಗಿತ್ತು. ಅಂಗಡಿಯ ಮಾಲೀಕ ನಾವಾದರೂ ಗಿರಾಕಿ ಒಬ್ಬನೇ ಆದರೆ ದರ ಹೇಳುವವರು ಯಾರೆಂದು ಸಂತೆಗೆ ಹೋದ ಯಾರಿಗಾದರೂ ಗೊತ್ತು.

ಈಗ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯ 10,000 ಮೆಗಾವಾಟ್ ದಾಟಿದೆ. ಮೆಕಾಂಗ್‌ನ ಮುಖ್ಯ ಹರಿವಿಗೇ ಅಡ್ಡ ಕಟ್ಟಿದ 1,285 ಮೆಗಾವಾಟ್‌ನ ಸಾಯಾಬುರಿ 2019ರಿಂದ ನಡೆಯುತ್ತಿದೆ, ಮೀನುಗಾರರ ಮತ್ತು ಕೆಳಗಿನ ದೇಶಗಳ ಆಕ್ಷೇಪದ ನಡುವೆಯೇ. ಆಗ್ನೇಯ ಏಷ್ಯಾದ ಬ್ಯಾಟರಿ ಎಂದು ಕರೆಸಿಕೊಳ್ಳುವ ಈ ದೇಶದ ಅತಿ ದೊಡ್ಡ ವಿದ್ಯುತ್ ಸ್ಥಾವರ ಮಾತ್ರ ನೀರಿನದಲ್ಲ. ಹೊಂಗ್ಸಾದಲ್ಲಿ ಕಂದು ಕಲ್ಲಿದ್ದಲು ಸುಡುವ 1,878 ಮೆಗಾವಾಟ್‌ನ ಘಟಕ. ಅದರದ್ದೂ ಮುಖ್ಯ ಗಿರಾಕಿ ಥಾಯ್ಲೆಂಡ್.

ಇಲ್ಲೊಂದು ಸೋಜಿಗವಿದೆ. ಇಷ್ಟು ವಿದ್ಯುತ್ ಮಾರುವ ಲಾವೋಸ್ ಬೇಸಿಗೆಯಲ್ಲಿ ಥಾಯ್ಲೆಂಡ್‌ನಿಂದಲೇ ವಿದ್ಯುತ್ ಕೊಳ್ಳುತ್ತದೆ. ರಫ್ತಿಗೆಂದು ಕಟ್ಟಿದ ಸ್ಥಾವರಗಳ ತಂತಿ ನೇರವಾಗಿ ಥಾಯ್ಲೆಂಡ್‌ನ ಜಾಲಕ್ಕೆ ಹೋಗುತ್ತದೆ, ದೇಶದೊಳಗಿನ ಜಾಲವೇ ಬೇರೆ. ಆ ಒಳಜಾಲವೂ ಹೆಚ್ಚಾಗಿ ನೀರನ್ನೇ ನಂಬಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆ ಏರಿ ಫ್ಯಾನುಗಳು ತಿರುಗುವ ಹೊತ್ತಿಗೆ ಹೊಳೆ ಬತ್ತಿರುತ್ತದೆ. ಮಳೆಗಾಲದಲ್ಲಿ ಕೊಳ್ಳುವವರಿಲ್ಲದೆ ಹೆಚ್ಚಾಗುವ ವಿದ್ಯುತ್, ಬೇಸಿಗೆಯಲ್ಲಿ ಕೊಂಡರೂ ಸಾಕಾಗದ ವಿದ್ಯುತ್. ಹೆಚ್ಚಾದದ್ದನ್ನು ಏನು ಮಾಡುವುದೆಂದು ತಿಳಿಯದೆ 2021ರಲ್ಲಿ ಆರು ಕಂಪನಿಗಳಿಗೆ ಬಿಟ್‌ಕಾಯಿನ್ ಗಣಿಗಾರಿಕೆಗೂ ಅನುಮತಿ ಕೊಟ್ಟದ್ದುಂಟು. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ: 1990ರ ದಶಕದ ನಡುವಿನಲ್ಲಿ ಸುಮಾರು ಆರರಲ್ಲೊಂದು ಮನೆಗೆ ಮಾತ್ರ ವಿದ್ಯುತ್ ದೀಪವಿದ್ದ ದೇಶದಲ್ಲಿ ಈಗ ನೂರಕ್ಕೆ 90ಕ್ಕೂ ಹೆಚ್ಚು ಮನೆಗಳಿಗೆ ದೀಪ ಬಂದಿದೆ.

2018ರ ಜುಲೈ 23ರ ರಾತ್ರಿ ದಕ್ಷಿಣದ ಸೇಪಿಯನ್-ಸೇನಮ್ನೊಯ್ ಯೋಜನೆಯ ಮಣ್ಣಿನ ಉಪಕಟ್ಟೆಯೊಂದು ಒಡೆಯಿತು. ಅತ್ತಪೂ ಪ್ರಾಂತ್ಯದ ಹಳ್ಳಿಗಳ ಮೇಲೆ ನೀರು ನುಗ್ಗಿ ಹತ್ತಾರು ಜನ ಸತ್ತರು, ಸಾವಿರಾರು ಜನರ ಮನೆ ಹೋಯಿತು. ಮಳೆ ಹೆಚ್ಚಾದದ್ದೇ ಕಾರಣ ಎಂಬ ವಾದವನ್ನು ತನಿಖೆ ಮಾಡಿದ ಸ್ವತಂತ್ರ ತಜ್ಞರು ಒಪ್ಪಲಿಲ್ಲ. ತಡೆಯಲಾಗದ ದೈವಿಕ ವಿಪತ್ತು ಎಂದು ಇದನ್ನು ಕರೆಯಲು ಬರುವುದಿಲ್ಲ ಎಂದರು. ಕಟ್ಟಿದ ಕಂಪನಿ ಆ ತೀರ್ಮಾನವನ್ನು ಒಪ್ಪಲಿಲ್ಲ. ಆ ಯೋಜನೆಯ ವಿದ್ಯುತ್ತಿನಲ್ಲೂ ನೂರಕ್ಕೆ 90 ಪಾಲು ಥಾಯ್ಲೆಂಡ್‌ಗೇ ಮೀಸಲಾಗಿತ್ತು.

ಹಳಿ, ಸಾಲ, ಕಿಪ್

ಒಂದೇ ಬಾಗಿಲಿನ ಮನೆಗೆ ಇನ್ನೊಂದು ಬಾಗಿಲು ಇಡಿಸುವ ಆಸೆ ಸಹಜ. ಅದನ್ನು ಚೀನಾ ಇಟ್ಟುಕೊಟ್ಟಿತು. ಗಡಿಯ ಬೊತೆನ್‌ನಿಂದ ವಿಯೆಂಟಿಯಾನ್‌ವರೆಗಿನ 400ಕ್ಕೂ ಹೆಚ್ಚು ಕಿಲೋಮೀಟರ್ ರೈಲುಮಾರ್ಗ 2021ರ ಡಿಸೆಂಬರ್ 3ರಂದು ತೆರೆಯಿತು. ಸುರಂಗಗಳೇ 75. ಗುಡ್ಡ ಕೊರೆದು ಹೊರಬಂದ ರೈಲು ಸೇತುವೆ ಹತ್ತಿ ಮತ್ತೆ ಗುಡ್ಡಕ್ಕೆ ನುಗ್ಗುತ್ತದೆ. ಕಿಟಕಿಯ ಪಕ್ಕ ಕೂತರೂ ಉತ್ತರದ ಭಾಗದಲ್ಲಿ ಕಾಣುವುದು ಹೆಚ್ಚಾಗಿ ಕತ್ತಲೆಯೇ. ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಬಸ್ಸಿನಲ್ಲಿ ಇಡೀ ಹಗಲು ಹಿಡಿಯುತ್ತಿದ್ದ ದಾರಿ ಈಗ ಎರಡು ಗಂಟೆಯದು. ಥಾಯ್ಲೆಂಡ್‌ನ ಡುರಿಯನ್ ಹಣ್ಣು ಕೊಳೆಯುವ ಮೊದಲೇ ಇದೇ ಹಳಿಯಲ್ಲಿ ಚೀನಾದ ಕುನ್ಮಿಂಗ್ ಸೇರುತ್ತದೆ.

ಖರ್ಚು ಸುಮಾರು 600 ಕೋಟಿ ಡಾಲರ್. ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೆ ಸಮ. ನಡೆಸುವ ಕಂಪನಿಯಲ್ಲಿ ಚೀನಾದ ಪಾಲು ನೂರಕ್ಕೆ 70, ಲಾವೋಸ್‌ನದು 30. ಒಟ್ಟು ಖರ್ಚಿನಲ್ಲಿ ನೂರಕ್ಕೆ 60 ಭಾಗ ಆ ಕಂಪನಿಯ ಹೆಸರಿನಲ್ಲಿ ಚೀನಾದ ಎಕ್ಸಿಂ ಬ್ಯಾಂಕ್‌ನಿಂದ ತಂದ ಸಾಲ. ಲಾವೋಸ್ ಸರ್ಕಾರ ತನ್ನ ಪಾಲಿನ ಬಂಡವಾಳವೆಂದು ಹಾಕಬೇಕಾದ ಸುಮಾರು 73 ಕೋಟಿ ಡಾಲರ್‌ನಲ್ಲೂ 48 ಕೋಟಿಯನ್ನು ಅದೇ ಬ್ಯಾಂಕ್‌ನಿಂದ ಸಾಲ ಪಡೆಯಿತು.

ರೈಲಿಗೊಂದೇ ಎಲ್ಲ ಹೊರೆ ಹೊರಿಸಿ ‘ಚೀನಾದ ಸಾಲದ ಬಲೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ದೊಡ್ಡ ಹೊರೆ ಸದ್ದಿಲ್ಲದೆ ಬೆಳೆದದ್ದು ವಿದ್ಯುತ್ತಿನಲ್ಲಿ. ಸರ್ಕಾರಿ ವಿದ್ಯುತ್ ಸಂಸ್ಥೆ ಖಾಸಗಿ ಅಣೆಕಟ್ಟುಗಳಿಂದ ವಿದ್ಯುತ್ ಕೊಂಡು ಡಾಲರ್ ಲೆಕ್ಕದಲ್ಲಿ ಹಣ ಕೊಡಬೇಕು. ಜನರಿಂದ ವಸೂಲಾಗುವುದು ಲಾವೋಸ್‌ನ ಹಣವಾದ ಕಿಪ್‌ನಲ್ಲಿ. ಕಿಪ್ ಬೀಳುತ್ತಿದ್ದಂತೆ ಪ್ರತಿ ಯೂನಿಟ್ಟೂ ನಷ್ಟ. 2021ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 9,300 ಕಿಪ್ ಇತ್ತು, 2024ರ ಹೊತ್ತಿಗೆ ಅದು 21,000 ದಾಟಿತು. ಸಾರ್ವಜನಿಕ ಸಾಲ ದೇಶದ ವಾರ್ಷಿಕ ಉತ್ಪನ್ನವನ್ನೇ ಮೀರಿತು. ಅದರಲ್ಲಿ ಸುಮಾರು ಅರ್ಧ ಚೀನಾಕ್ಕೆ ಸೇರಬೇಕಾದ್ದು. ಚೀನಾ ಕಂತುಗಳನ್ನು ಮುಂದೂಡುತ್ತ ಬಂದಿದೆ, ಮನ್ನಾ ಮಾಡಿಲ್ಲ. ಈ ನಡುವೆ ಹೆಚ್ಚಿನ ವೋಲ್ಟೇಜಿನ ಸಾಗಣೆ ಜಾಲವನ್ನು ಚೀನಾದ ಗ್ರಿಡ್ ಕಂಪನಿಯ ಹೆಚ್ಚಿನ ಪಾಲಿರುವ ಸಂಸ್ಥೆಗೆ 25 ವರ್ಷದ ಗುತ್ತಿಗೆಗೆ ಕೊಟ್ಟಾಯಿತು.

ಇದು ಬೀದಿಗೆ ಬಂದದ್ದು 2022ರ ಮೇ ತಿಂಗಳಲ್ಲಿ. ಲಾವೋಸ್‌ನಲ್ಲಿ ಪೆಟ್ರೋಲ್ ಎಂದರೆ ಹೊರಗಿನಿಂದ ಡಾಲರ್ ಅಥವಾ ಥಾಯ್ಲೆಂಡ್‌ನ ಹಣವಾದ ಬಾಟ್ ಕೊಟ್ಟು ತರಬೇಕಾದ ಸಾಮಾನು. ಆಮದುದಾರರ ಬಳಿ ವಿದೇಶಿ ಹಣ ಮುಗಿಯಿತು, ಬಂಕುಗಳ ಮುಂದೆ ಬೈಕುಗಳ ಸಾಲು ಬೆಳೆಯಿತು. ಮರುವರ್ಷ ಫೆಬ್ರುವರಿಯಲ್ಲಿ ಹಣದುಬ್ಬರ ಶೇಕಡಾ 41ಕ್ಕೆ ಏರಿತು. ದೊಡ್ಡ ನೋಟು ಎಂದರೆ ಒಂದು ಲಕ್ಷ ಕಿಪ್‌ನದು. ಈಗ ಅದರ ಬೆಲೆ ಐದು ಡಾಲರ್‌ಗೂ ಕಡಿಮೆ.

ಯುವಜನರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಏರಿಸಿದ ಮೇಲೂ ಕನಿಷ್ಠ ವೇತನ ತಿಂಗಳಿಗೆ 25 ಲಕ್ಷ ಕಿಪ್, ಸುಮಾರು 115 ಡಾಲರ್. ನದಿಯಾಚೆ ಅದರ ಎರಡು ಪಟ್ಟಿಗೂ ಹೆಚ್ಚು. ಆಚೆ ದಡದವರ ಮಾತೂ ಅರ್ಥವಾಗುತ್ತದೆ, ಅಕ್ಕಿಯೂ ಅದೇ ಅಂಟು ಅಕ್ಕಿ, ಬಾಲ್ಯದಿಂದ ನೋಡಿದ್ದು ಥಾಯ್ ಟಿವಿಯನ್ನೇ. ಲಕ್ಷಗಟ್ಟಲೆ ಜನ ಹೋಗಿದ್ದಾರೆ. 1893ರ ಗೆರೆಯನ್ನು ಯಾವ ಒಪ್ಪಂದವೂ ಇಲ್ಲದೆ ಅಳಿಸುತ್ತಿರುವವರು ಇವರೇ. ಅವರು ಕಳಿಸುವ ಬಾಟ್ ಹಳ್ಳಿಗಳನ್ನು ನಡೆಸುತ್ತಿದೆ; ಇತ್ತ ಕಾರ್ಖಾನೆಗಳಿಗೆ ಕೆಲಸಗಾರರು ಸಿಗುತ್ತಿಲ್ಲ.

ಉಳಿದ ಆದಾಯಗಳನ್ನು ಬೇಗ ಹೇಳಿಬಿಡಬಹುದು. ಸೆಪೋನ್, ಫೂ ಬಿಯಾ ಸುತ್ತ ತಾಮ್ರ ಮತ್ತು ಚಿನ್ನದ ಗಣಿ, ಖಮ್ಮುವಾನ್‌ನಲ್ಲಿ ಪೊಟ್ಯಾಷ್, ಬಯಲಿನಲ್ಲಿ ಮರಗೆಣಸು, ಬೆಟ್ಟದಲ್ಲಿ ರಬ್ಬರ್, ಬೊಲಾವೆನ್ ಪ್ರಸ್ಥಭೂಮಿಯಲ್ಲಿ ಫ್ರೆಂಚರು ಹಾಕಿಹೋದ ಕಾಫಿ. ಹೆಚ್ಚಿನದು ಸಂಸ್ಕರಣೆಯಾಗದೆ ಕಚ್ಚಾ ಮಾಲಾಗಿಯೇ ಗಡಿ ದಾಟುತ್ತದೆ. ಕರಾಳವಾದದ್ದೂ ಒಂದಿದೆ: ವಾಯವ್ಯದ ಬೊಕಿಯೋ ಪ್ರಾಂತ್ಯದಲ್ಲಿ 2007ರಲ್ಲಿ 99 ವರ್ಷದ ಗುತ್ತಿಗೆಗೆ ಕೊಟ್ಟ ಸುವರ್ಣ ತ್ರಿಕೋನ ವಿಶೇಷ ಆರ್ಥಿಕ ವಲಯ. ಕ್ಯಾಸಿನೊ ಎಂದು ಶುರುವಾದದ್ದು ಆನ್‌ಲೈನ್ ವಂಚನೆಯ ಕೋಟೆಯಾಯಿತು. ಕಂಪ್ಯೂಟರ್ ಕೆಲಸ ಎಂದು ನಂಬಿ ಹೋಗಿ ಸಿಕ್ಕಿಬಿದ್ದ ಭಾರತೀಯ ಯುವಕರನ್ನು ವಿಯೆಂಟಿಯಾನ್‌ನ ನಮ್ಮ ರಾಯಭಾರ ಕಚೇರಿ 2024ರಲ್ಲಿ ತಂಡತಂಡವಾಗಿ ಬಿಡಿಸಿ ತಂದಿದೆ. ಲಾವೋಸ್‌ನಲ್ಲಿ ಕಂಪ್ಯೂಟರ್ ಕೆಲಸವಿದೆ, ಕೈತುಂಬ ಸಂಬಳ ಎಂದು ಯಾರಾದರೂ ಹೇಳಿದರೆ ಮೇಲಿನ 115 ಡಾಲರ್ ಲೆಕ್ಕವನ್ನು ಅವರಿಗೆ ತೋರಿಸಿ.

ಚೀನಾದ ಹಳಿ ವಿಯೆಂಟಿಯಾನ್‌ವರೆಗೆ ಬಂದರೂ ಅಲ್ಲಿಂದ ಕಡಲಿನವರೆಗೆ ಥಾಯ್ಲೆಂಡ್‌ನದೇ ಹಳಿ. ಚೀನಾದ ಹಳಿಯ ಅಗಲ 1.435 ಮೀಟರ್, ಥಾಯ್ಲೆಂಡ್‌ನದು ಒಂದು ಮೀಟರ್. ಮೈತ್ರಿ ಸೇತುವೆಯ ಬಳಿಯ ಥಾನಾಲೆಂಗ್ ಒಣಬಂದರಿನಲ್ಲಿ ಕ್ರೇನು ಒಂದು ರೈಲಿನ ಕಂಟೇನರ್ ಎತ್ತಿ ಇನ್ನೊಂದರ ಮೇಲಿಡುತ್ತದೆ. ಪೂರ್ವಕ್ಕೆ, ಅನ್ನಾಮೈಟ್ ಗೋಡೆಯಾಚೆ, ವಿಯೆಟ್ನಾಂನ ವುಂಗ್ ಆಂಗ್ ಬಂದರಿನಲ್ಲಿ ಲಾವೋಸ್ ಪಾಲು ಪಡೆದಿದೆ. ಅಲ್ಲಿಗೆ ಥಾಖೆಕ್ ಮೂಲಕ ರೈಲು ಹಾಕುವ ಯೋಜನೆ ವರ್ಷಗಳಿಂದ ಮಾತಿನಲ್ಲಿದೆ.

ನಾಮ್ ಥೂನ್ 2ರ 25 ವರ್ಷಗಳ ಅವಧಿ 2035ಕ್ಕೆ ಮುಗಿಯುತ್ತದೆ. ಅಂದಿನಿಂದ ಟರ್ಬೈನು, ಕಟ್ಟೆ, ನೀರು ಎಲ್ಲವೂ ಲಾವೋಸ್‌ನ ಸ್ವಂತದ್ದು. ವಿದ್ಯುತ್ತಿನ ದರದ ಬಗ್ಗೆ ಹೊಸದಾಗಿ ಮಾತಾಡಬೇಕು. ಮಾತಾಡಲು ಹೊರಟವರು ರಸ್ತೆಯಲ್ಲೇ ಹೋಗುವುದಾದರೆ, ಅದೇ ಸೇತುವೆ, ಹತ್ತುವ ಮೊದಲು ಎಡಕ್ಕೆ ಹೊರಳಬೇಕು.